ಕಿಡಿ ಬೀಳದ ಚಕಮಕಿ ರೈಫಲ್: ದೋಷ ಉಕ್ಕಿನಲ್ಲಿರಲಿಲ್ಲ

ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಪ್ರದೇಶದಲ್ಲಿ 1770ರ ದಶಕದಲ್ಲಿ ಜರ್ಮನ್ ಮೂಲದ ಕುಶಲಕರ್ಮಿಗಳು ತಯಾರಿಸುತ್ತಿದ್ದ ಉದ್ದ ನಳಿಗೆಯ ರೈಫಲ್ಲಿನ ಮಾದರಿಯೊಂದನ್ನು ಕೈಯಾರೆ ಕಟ್ಟುವಾಗ ನನ್ನನ್ನು ಅತಿ ಹೆಚ್ಚು ಕಾಡಿದ್ದು ಅದರ ಲಾಕ್, ಅಂದರೆ ಚಕಮಕಿ ಕಲ್ಲನ್ನು ಕಚ್ಚಿ ಹಿಡಿದ 'ಕುದುರೆ' ಎಂಬ ತೋಳು ಉಕ್ಕಿಗೆ ಬಡಿದು ಕಿಡಿ ಹಾರಿಸುವ ಯಂತ್ರಭಾಗ. ಸ್ಪ್ರಿಂಗಿನ ಮೇಲೆ ಪುಟ್ಟ ಉರುಳೆಯಿರುವ ಇಂಗ್ಲಿಷ್ ಲಾಕ್ ನಯವಾಗಿ ಕೆಲಸ ಮಾಡುತ್ತದಾದರೂ ಆ ಕಾಲದ ಲ್ಯಾಂಕಾಸ್ಟರ್ ರೈಫಲ್ಲಿಗೆ ಒಪ್ಪುವುದಿಲ್ಲವೆಂದು ಜರ್ಮನ್ ಶೈಲಿಯದನ್ನೇ ಆರಿಸಿದೆ. ಜೋಡಿ ಟ್ರಿಗರ್ ಅಳವಡಿಸಬೇಕಿದ್ದುದರಿಂದ, ಕುದುರೆಯನ್ನು ಅರ್ಧಕ್ಕೆ ಏರಿಸಿ ನಿಲ್ಲಿಸುವ ಕಚ್ಚಿನಲ್ಲಿ ಟ್ರಿಗರಿನ ಕೊಕ್ಕೆ ಸಿಕ್ಕಿಕೊಳ್ಳದಂತೆ ತಡೆಯುವ 'ಫ್ಲೈ' ಎಂಬ ಚಿಕ್ಕ ತುಣುಕು ಒಳಗಿದೆಯೇ ಎಂದು ಮೊದಲೇ ನೋಡಿಕೊಂಡಿದ್ದೆ.

ಆದರೂ ಕಿಡಿ ನಾಲ್ಕೈದಕ್ಕಿಂತ ಹೆಚ್ಚು ಹಾರುತ್ತಿರಲಿಲ್ಲ. ಕಲ್ಲು ಉಜ್ಜುವ ಉಕ್ಕಿನ ಫಲಕ, ಅಂದರೆ ಫ್ರಿಜನ್, ಮೆದುವಾಗಿದೆಯೆಂದು ಶಂಕಿಸಿ ಅಂಚಿಗೆ ಅರ ಹಾಕಿದರೆ ಅರವೇ ಜಾರಿತು. ಅದು ಸಾಕಷ್ಟು ಗಡುಸಾಗಿಯೇ ಇತ್ತು. ಬಳಿಕ, ಮದ್ದಿಲ್ಲದ ಖಾಲಿ ನಳಿಗೆಯಲ್ಲೇ, ಫಲಕಕ್ಕೆ ಕಪ್ಪು ಶಾಯಿ ಬಳಿದು ಕುದುರೆಯನ್ನು ಬಿಟ್ಟು ನೋಡಿದಾಗ, ಗೀರು ಫಲಕದ ಕೆಳಗಿನ ಅರ್ಧದಲ್ಲಷ್ಟೇ ಮೂಡಿತ್ತು. ಇಷ್ಟು ಸರಳ ಪರೀಕ್ಷೆ ನನಗೆ ಎರಡು ವಾರ ಹೊಳೆಯಲಿಲ್ಲ!

ಕಲ್ಲಿನ ಓರೆಯಂಚನ್ನು ಕೆಳಮುಖವಾಗಿ ತಿರುಗಿಸಿದ್ದರಿಂದ ಪೆಟ್ಟು ತುಸು ಮೇಲೇರಿತಾದರೂ ಸಾಲಲಿಲ್ಲ. ಕೊನೆಗೆ ಕುದುರೆಯನ್ನು ಲಾಕಿನಿಂದ ಬಿಚ್ಚಿ, ಕುತ್ತಿಗೆಯನ್ನು ಕೆಂಪಗೆ ಕಾಯಿಸಿ, ಕಲ್ಲು ಫಲಕದ ಬುಡದಿಂದ ಸುಮಾರು ಮೂರನೇ ಎರಡು ಭಾಗದ ಎತ್ತರಕ್ಕೆ ತಾಗುವಷ್ಟು ಹಿಂದಕ್ಕೆ ಬಾಗಿಸಿದೆ. ಫ್ರಿಜನ್ನಿನ ಸ್ಪ್ರಿಂಗ್ ವಿಪರೀತ ಬಿಗಿಯಾಗಿದ್ದುದರಿಂದ ಅದನ್ನೂ ಉದ್ದುದ್ದಕ್ಕೇ ಉಜ್ಜಿ ತೆಳುಗೊಳಿಸಿದೆ. ಅಡ್ಡಗೀರು ಬಿದ್ದಲ್ಲೇ ಸ್ಪ್ರಿಂಗ್ ಬಿರುಕು ಬಿಡುತ್ತದೆ. ಈಗ ಕಿಡಿಗಳು ನೇರವಾಗಿ ರಂಜಕದ (ಮೊದಲು ಹೊತ್ತಿಕೊಳ್ಳುವ ಮದ್ದಿನ) ಬಟ್ಟಲಿಗೇ ಸುರಿಯುತ್ತಿವೆ.