ನರ್ಸಿಂಗ್ ಸೀಟು ಹಿಡಿಯುವ ಮುಂಚೆ ಒಂದು ಹಾಳೆ ಲೆಕ್ಕ

ಪಿಯುಸಿ ಫಲಿತಾಂಶ ಬಂದ ವಾರ ನಮ್ಮ ವಾರ್ಡಿನ ಬಾಗಿಲಲ್ಲಿ ಯಾರಾದರೊಬ್ಬ ಅಪ್ಪ ನಿಂತಿರುತ್ತಾರೆ. ಸಿರುಗುಪ್ಪದವರೋ ಕುರುಗೋಡಿನವರೋ, ಮಗಳ ಮಾರ್ಕ್ಸ್ ಕಾರ್ಡು ಜೇಬಿನಲ್ಲಿ. ‘ಸಿಸ್ಟರ್, ಮಗಳನ್ನ ನರ್ಸಿಂಗಿಗೆ ಹಾಕ್ಬೇಕಂತ ಮಾಡೀನ್ರಿ. ಪಗಾರ ಎಷ್ಟ್ ಬರ್ತೈತ್ರಿ?’

ಬಳ್ಳಾರಿಯಲ್ಲಿ 16 ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಆದರೂ ಆ ಪ್ರಶ್ನೆಗೆ ಕೂಡಲೇ ಉತ್ತರ ಕೊಡುವುದಿಲ್ಲ. ಕ್ಯಾಂಟೀನಿನಲ್ಲಿ ಕೂರಿಸಿ, ಒಂದು ಹಾಳೆ ಕೊಟ್ಟು, ಬರೆಯಿರಿ ಅನ್ನುತ್ತೇನೆ. ಸಾಲದ ಕಂತು ಕಟ್ಟಿದ ಮೇಲೆ ಮಗಳ ಕೈಯಲ್ಲಿ ಎಷ್ಟು ಉಳಿಯುತ್ತದೆ ಅನ್ನುವುದೇ ನಿಜವಾದ ಪಗಾರ. ಅದು ಬಹುಪಾಲು ಸೀಟು ಹಿಡಿಯುವ ದಿನವೇ ತೀರ್ಮಾನ ಆಗಿಬಿಡುತ್ತದೆ.

1. ಖರ್ಚು, ಪೂರ್ತಿ ಖರ್ಚು

ಕಾಲೇಜಿನವರು ಹೇಳುವುದು ಒಂದು ವರ್ಷದ ಫೀ ಮಾತ್ರ. ನೀವು ನಾಲ್ಕೂ ವರ್ಷದ್ದು ಬರೆಯಬೇಕು. ಬಿಎಸ್ಸಿ ನರ್ಸಿಂಗಿನಲ್ಲಿ ಈಗ ಎಂಟು ಸೆಮಿಸ್ಟರ್. ಅಂದರೆ ಪರೀಕ್ಷಾ ಫೀ ಎಂಟು ಸಲ. ಯೂನಿಫಾರ್ಮು, ಬೂಟು, ಪುಸ್ತಕ, ರೆಕಾರ್ಡ್ ಬುಕ್ಕು, ಆಸ್ಪತ್ರೆಗೆ ಹೋಗಿಬರುವ ಕಾಲೇಜು ಬಸ್ಸು, ಹಾಸ್ಟೆಲ್ಲು ಎಲ್ಲಾ ಸೇರಿಸಿ. ಮಾನಸಿಕ ಆರೋಗ್ಯದ ಪೋಸ್ಟಿಂಗಿಗೆ, ಅಂದರೆ ಆಸ್ಪತ್ರೆಯ ತರಬೇತಿಗೆ, ಧಾರವಾಡದಂಥ ಊರಿಗೆ ಕಳಿಸುವುದುಂಟು. ಅಲ್ಲಿ ಉಳಿಯುವ ಖರ್ಚು ಯಾರದು ಅಂತ ಮೊದಲೇ ಕೇಳಿ.

ಒಂದು ಖರ್ಚು ಕಡಿಮೆ ಆಗಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳು ಸಿರುಗುಪ್ಪದಿಂದ ಬಳ್ಳಾರಿಗೆ ಸರಕಾರಿ ಸಾಮಾನ್ಯ ಬಸ್ಸಿನಲ್ಲಿ ದುಡ್ಡಿಲ್ಲದೆ ಬರಬಹುದು. ಬಸ್ಸಿಗೆ ಹತ್ತಿರದ ಕಾಲೇಜು ಸಿಕ್ಕರೆ ಹಾಸ್ಟೆಲ್ಲಿನ ದುಡ್ಡು ಪೂರ್ತಿ ಉಳಿಯಿತು.

ಯಾರೂ ಬರೆಯದ ಖರ್ಚು ಇನ್ನೊಂದಿದೆ. ಈ ನಾಲ್ಕು ವರ್ಷ ಮಗಳು ದುಡಿಯುವುದಿಲ್ಲ. ಬಳ್ಳಾರಿಯ ಜೀನ್ಸ್ ಹೊಲಿಯುವ ಶೆಡ್ಡಿಗೆ ಹೋಗಿದ್ದರೆ ತಿಂಗಳಿಗೆ 8 ಸಾವಿರ ತರುತ್ತಿದ್ದಳು ಅಂದುಕೊಳ್ಳಿ. 48 ತಿಂಗಳಿಗೆ 3,84,000 ರೂಪಾಯಿ. ಇದನ್ನು ಹಾಳೆಯ ಮೇಲೆ ಬರೆದಾಗ ಎಷ್ಟೋ ಅವ್ವಂದಿರು ಸುಮ್ನೆ ಕೂತುಬಿಡುತ್ತಾರೆ.

2. ಯಾವ ಸೀಟು?

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕೂರಿ. ಸರಕಾರಿ ಕೋಟಾದ ಸೀಟು, ಕಾಲೇಜಿನವರೇ ತುಂಬುವ ಮ್ಯಾನೇಜ್‌ಮೆಂಟ್ ಸೀಟು ಎರಡರಲ್ಲೂ ಕಲಿಯುವ ಪಾಠ ಒಂದೇ. ಪದವಿ ಕೊಡುವುದೂ ಅದೇ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಬೇರೆಯಾಗುವುದು ಫೀ, ಆಮೇಲೆ ಸಾಲ.

ಬಿಎಸ್ಸಿ ನರ್ಸಿಂಗಿನ ಸರಕಾರಿ ಕೋಟಾ ಸೀಟುಗಳು ಈಗ ಸಿಇಟಿ ಮೂಲಕ ಸಿಗುತ್ತವೆ. ಸಿಇಟಿಗೆ ಅರ್ಜಿ ಹಾಕುವುದು ಪಿಯುಸಿ ಓದುತ್ತಿರುವಾಗಲೇ. ಫಲಿತಾಂಶ ಬಂದ ಮೇಲೆ ನನ್ನ ಹತ್ತಿರ ಬರುವ ಅರ್ಧ ಜನ ಅರ್ಜಿಯನ್ನೇ ಹಾಕಿರುವುದಿಲ್ಲ. ಎಂಜಿನಿಯರಿಂಗಿನವರಿಗೆ ಮಾತ್ರ ಸಿಇಟಿ ಅಂದುಕೊಂಡಿರುತ್ತಾರೆ. ನಿಮ್ಮ ಮನೆಯಲ್ಲಿ ಪಿಯುಸಿ ಸೈನ್ಸ್ ಓದುವ ಹುಡುಗಿ ಇದ್ದರೆ ಇವತ್ತೇ ಕೇಳಿ.

ನಮ್ಮ ಭಾಗದವರಿಗೆ ಒಂದು ದೊಡ್ಡ ಆಸರೆ ಸಂವಿಧಾನದ 371ಜೆ ವಿಧಿ, ಅಂದರೆ ಕಲ್ಯಾಣ ಕರ್ನಾಟಕದವರಿಗಿರುವ ಮೀಸಲಾತಿ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆ ಇದರಲ್ಲಿವೆ. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ 70ರಷ್ಟು ಸೀಟು ಇಲ್ಲಿನವರಿಗೆ, ಉಳಿದ ಕರ್ನಾಟಕದ ಕಾಲೇಜುಗಳಲ್ಲಿ ಶೇ 8. ಮುಂದೆ ಸರಕಾರಿ ಕೆಲಸಕ್ಕೂ ಈ ಮೀಸಲಾತಿ ಇದೆ. ಉಪವಿಭಾಗಾಧಿಕಾರಿ ಕೊಡುವ ಅರ್ಹತಾ ಪ್ರಮಾಣಪತ್ರ ಬೇಕು. ಜಾತಿ, ಆದಾಯ ಪ್ರಮಾಣಪತ್ರದ ಜೊತೆಗೇ ಇದನ್ನೂ ಮಾಡಿಸಿಟ್ಟುಕೊಳ್ಳಿ. ಕೊನೇ ವಾರದಲ್ಲಿ ಓಡಾಡಿ ಸೀಟು ಕಳೆದುಕೊಂಡವರನ್ನು ನಾನೇ ನೋಡಿದ್ದೇನೆ. ಅವರ ತಪ್ಪೂ ಇರಲಿಲ್ಲ, ಯಾರೂ ಹೇಳಿರಲಿಲ್ಲ ಅಷ್ಟೆ. ಸೀಟು ಸಿಕ್ಕ ಮೇಲೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ಲಿನಲ್ಲಿ ಅರ್ಜಿ ಹಾಕಿ.

ಪಿಯುಸಿಯಲ್ಲಿ ಆರ್ಟ್ಸ್ ಓದಿದವಳಾದರೆ? ಬಿಎಸ್ಸಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಬೇಕೇ ಬೇಕು. ಜಿಎನ್‌ಎಂ ಅನ್ನುವ ನರ್ಸಿಂಗ್ ಡಿಪ್ಲೊಮಾಗೆ ಹಾಗಿಲ್ಲ. ಮೂರು ವರ್ಷದ ಕೋರ್ಸು, ಒಂದು ವರ್ಷ ಮುಂಚೆ ದುಡಿಮೆ. ಆಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಅನ್ನುವ ಕೋರ್ಸು ಮಾಡಿದರೆ ಬಿಎಸ್ಸಿ ಕೈಗೆ ಬರುತ್ತದೆ. ನಾನು ಬಂದದ್ದು ಇದೇ ದಾರಿಯಲ್ಲಿ. ಕೈಯಲ್ಲಿ ದುಡ್ಡು ಕಡಿಮೆ ಇರುವ ಮನೆಗೆ ಇದು ಒಳ್ಳೆಯ ದಾರಿ ಅಂತಲೇ ನನ್ನ ನಂಬಿಕೆ.

3. ಸಾಲ

ಶಿಕ್ಷಣ ಸಾಲ 4 ಲಕ್ಷದವರೆಗೆ ಸಾಮಾನ್ಯವಾಗಿ ಅಡಮಾನ ಇಲ್ಲದೆ ಸಿಗುತ್ತದೆ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ. ಆದರೆ ಬಡ್ಡಿ ನಿಲ್ಲುವುದಿಲ್ಲ. ನಾನು ಎಡವಿದ್ದು ಇಲ್ಲೇ. ‘ಈಗೇನೂ ಕಟ್ಟೋದು ಬೇಡ’ ಅಂದದ್ದನ್ನು ‘ಈಗ ಬಡ್ಡಿ ಇಲ್ಲ’ ಅಂತ ಕೇಳಿಸಿಕೊಂಡಿದ್ದೆ. ಮೊದಲ ಸಂಬಳದ ತಿಂಗಳು ಬ್ಯಾಂಕಿನ ಚೀಟಿ ನೋಡಿ ಅಪ್ಪನಿಗೆ ಹೇಳಲು ಧೈರ್ಯ ಬರಲಿಲ್ಲ.

ಉದಾಹರಣೆಗೆ, ವರ್ಷಕ್ಕೆ 1 ಲಕ್ಷದಂತೆ 4 ಲಕ್ಷ ಸಾಲ, ಬಡ್ಡಿ ಶೇ 10. ಮೊದಲ ಲಕ್ಷಕ್ಕೆ ಐದು ವರ್ಷದ ಬಡ್ಡಿ, ಎರಡನೆಯದಕ್ಕೆ ನಾಲ್ಕು, ಹೀಗೆ ಸರಳ ಬಡ್ಡಿಯೇ 1,40,000 ಆಗುತ್ತದೆ. ಕಂತು ಶುರುವಾಗುವ ದಿನ ಸಾಲ 5,40,000. ಹತ್ತು ವರ್ಷದಲ್ಲಿ ತೀರಿಸಬೇಕಾದರೆ ತಿಂಗಳಿಗೆ ಸುಮಾರು 7,136 ರೂಪಾಯಿ.

ಓದುವಾಗಲೇ ಬಡ್ಡಿ ಕಟ್ಟುತ್ತಾ ಬಂದರೆ ಕಂತು 5,286ಕ್ಕೆ ಇಳಿಯುತ್ತದೆ. ಮೊದಲ ವರ್ಷ ಬಡ್ಡಿ ತಿಂಗಳಿಗೆ 833 ರೂಪಾಯಿ ಅಷ್ಟೆ, ಕೊನೆಗೆ 3,333ಕ್ಕೆ ಏರುತ್ತದೆ. ಒಟ್ಟಾರೆ ಉಳಿಯುವುದು ಸುಮಾರು 82 ಸಾವಿರ. ಆದರೆ ಬೆಳೆ ಬಂದಾಗ ಕಟ್ಟುತ್ತೇವೆ ಅಂತ ಲೆಕ್ಕ ಹಾಕಬೇಡಿ. 2024ರ ಆಗಸ್ಟ್‌ನಲ್ಲಿ, ನಮ್ಮ ಹೊಲಗಳಿಗೆ ನೀರು ಕೊಡುವ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ಈ ಕಡೆಯ ಮನೆಗಳಲ್ಲಿ ಯಾರಿಗೆ ನಿದ್ದೆ ಬಂದಿತ್ತು ಹೇಳಿ?

4. ಕೈಗೆ ಬರುವುದೆಷ್ಟು

ಊರಿನ ಖಾಸಗಿ ಆಸ್ಪತ್ರೆಯಲ್ಲಿ 15 ಸಾವಿರ ಸಂಬಳ ಅಂದುಕೊಳ್ಳೋಣ. ಪಿಎಫ್ (ಭವಿಷ್ಯ ನಿಧಿ) 1,800, ಇಎಸ್‌ಐ (ನೌಕರರ ವಿಮೆ) 113 ಹೋದರೆ 13,087. ಪಿಎಫ್ ಅವಳದೇ ದುಡ್ಡು, ನಿಜ. ಆದರೆ ಈ ತಿಂಗಳ ಕಂತಿಗೆ ಅದು ಬರುವುದಿಲ್ಲ. 7,136 ಕಂತು ಕಟ್ಟಿದರೆ ಕೈಯಲ್ಲಿ 5,951.

ಬೆಂಗಳೂರಿಗೆ ಹೋದರೆ? 22 ಸಾವಿರ ಸಿಕ್ಕಿತು ಅನ್ನಿ. ಪಿಎಫ್ 1,800, ಊಟ ಸೇರಿ ಪಿಜಿಗೆ 7 ಸಾವಿರ, ಕಂತು 7,136. ಉಳಿಯುವುದು 6,064. ನೂರು ರೂಪಾಯಿ ಜಾಸ್ತಿ! ಬೆಂಗಳೂರಿಗೆ ಹೋಗಬೇಡಿ ಅನ್ನುತ್ತಿಲ್ಲ. ದೊಡ್ಡ ಆಸ್ಪತ್ರೆಯ ಐಸಿಯುನಲ್ಲಿ ಎರಡು ವರ್ಷ ಕಲಿತದ್ದು ಮುಂದೆ ಬೆಲೆ ತರುತ್ತದೆ. ಸಂಬಳದ ಆಸೆಗೆ ಮಾತ್ರ ಹೋಗಬೇಡಿ.

ಈಗ ಅದೇ ಹುಡುಗಿ ಸರಕಾರಿ ಕೋಟಾದಲ್ಲಿ ಓದಿ, ಸಾಲ 1 ಲಕ್ಷಕ್ಕೇ ಮುಗಿದಿದ್ದರೆ? ಅದೇ ರೀತಿ ಬಡ್ಡಿ ಸೇರಿ 1,35,000 ಆಗುತ್ತದೆ, ಕಂತು 1,784. ಊರಿನ ಅದೇ 15 ಸಾವಿರದ ಕೆಲಸದಲ್ಲಿ ಕೈಯಲ್ಲಿ 11,303 ಉಳಿಯುತ್ತದೆ. ಹೆಚ್ಚುಕಡಿಮೆ ಎರಡು ಪಟ್ಟು. ಅದಕ್ಕೇ ಸೀಟಿನ ಬಗ್ಗೆ ಅಷ್ಟು ಹೇಳಿದ್ದು.

ಖಾಸಗಿ ಆಸ್ಪತ್ರೆಯ ಸಂಬಳದ ಬಗ್ಗೆ ನನಗೆ ನೋವಿದೆ. ಸುಪ್ರೀಂ ಕೋರ್ಟ್ 2016ರ ಜನವರಿಯಲ್ಲಿ ಹೇಳಿದ ಮೇಲೆ ಕೇಂದ್ರ ಸರಕಾರದ ಸಮಿತಿಯೊಂದು, 50ಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ ನರ್ಸಿಗೆ 20 ಸಾವಿರಕ್ಕಿಂತ ಕಡಿಮೆ ಕೊಡಬಾರದು, 200ಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ಸರಕಾರಿ ನರ್ಸಿನ ಸಮ ಕೊಡಬೇಕು ಅಂದಿತು. ಕೇರಳ 2018ರಲ್ಲಿ 20 ಸಾವಿರದ ಕನಿಷ್ಠ ವೇತನ ಹೊರಡಿಸಿತು. ರಾತ್ರಿಯಿಡೀ ನಿಂತು ದುಡಿಯುವ ನಮ್ಮ ಹುಡುಗಿಯರಿಗೂ ಅಷ್ಟು ಸಿಗಬೇಕು, ಅಲ್ವಾ? ಕೆಲಸಕ್ಕೆ ಸೇರುವಾಗ ಈ ಅಂಕಿ ಗೊತ್ತಿರಲಿ.

5. ಹಾಕಿದ ದುಡ್ಡು ಯಾವಾಗ ವಾಪಸ್?

ಮ್ಯಾನೇಜ್‌ಮೆಂಟ್ ಸೀಟಿನ ಲೆಕ್ಕ: ಸಾಲ, ಅದರ ಬಡ್ಡಿ, ಬಿಟ್ಟ ದುಡಿಮೆ ಕೂಡಿಸಿದರೆ 9,24,000. ಜೀನ್ಸ್ ಶೆಡ್ಡಿಗಿಂತ ನರ್ಸಿಗೆ ತಿಂಗಳಿಗೆ 7 ಸಾವಿರ ಹೆಚ್ಚು ಸಿಗುತ್ತದೆ ಅಂದರೆ 132 ತಿಂಗಳು, ಅಂದರೆ 11 ವರ್ಷ. ಸರಕಾರಿ ಕೋಟಾದ್ದು 5,19,000, ಸುಮಾರು ಆರು ವರ್ಷ. ಸಂಬಳ ಏರಿದಂತೆ ಎರಡೂ ಕಡಿಮೆ ಆಗುತ್ತವೆ.

ಸರಕಾರಿ ಕೆಲಸ ಸಿಕ್ಕರೆ ಚಿತ್ರವೇ ಬೇರೆ. ಕೇಂದ್ರ ಸರಕಾರದ ಏಮ್ಸ್ ಆಸ್ಪತ್ರೆಗಳ ನರ್ಸಿಂಗ್ ಆಫೀಸರ್ ಮೂಲ ವೇತನವೇ 44,900. ಅದಕ್ಕೆ ನಾರ್ಸೆಟ್ ಅನ್ನುವ ನೇಮಕಾತಿ ಪರೀಕ್ಷೆ ಬರೆಯಬೇಕು. ಜಿಎನ್‌ಎಂ ಮಾಡಿದವರಿಗೆ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವವೂ ಬೇಕು. ನಮ್ಮ ಹುಡುಗಿಯರು ಈ ಪರೀಕ್ಷೆಗೆ ಹೆದರುತ್ತಾರೆ, ಹೆದರುವಂಥದ್ದೇನಿಲ್ಲ. ಮೂರನೇ ವರ್ಷದಿಂದಲೇ ದಿನಕ್ಕೆ ಒಂದು ಗಂಟೆ ಓದಿದರೆ ಸಾಕು. ಆದರೆ ಆ ಕೆಲಸ ಸಿಕ್ಕೇ ಸಿಗುತ್ತದೆ ಅಂದುಕೊಂಡು ಸಾಲ ಮಾಡಬೇಡಿ. ಹಾಳೆಯಲ್ಲಿ 15 ಸಾವಿರವೇ ಇರಲಿ.

ಗಲ್ಫ್, ಜರ್ಮನಿ ಆಮೇಲಿನ ಮಾತು. ಅನುಭವ, ಭಾಷೆಯ ಪರೀಕ್ಷೆ ಎರಡೂ ಬೇಕು. ಏಜೆಂಟ್ ಸೇವಾ ಶುಲ್ಕವಾಗಿ 30 ಸಾವಿರ ಮತ್ತು ಜಿಎಸ್‌ಟಿಗಿಂತ ಜಾಸ್ತಿ ಕೇಳುವಂತಿಲ್ಲ ಅನ್ನುವುದು ನೆನಪಿರಲಿ.

6. ಕಾಲೇಜು ನೋಡಲು ಹೋದಾಗ

ಕಟ್ಟಡ ನೋಡಬೇಡಿ, ಆಸ್ಪತ್ರೆ ನೋಡಿ. ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳಾದರೂ ಇರಬೇಕು ಅನ್ನುವುದು ಭಾರತೀಯ ನರ್ಸಿಂಗ್ ಕೌನ್ಸಿಲ್ಲಿನ ನಿಯಮ. ಎರಡನೇ ವರ್ಷದ ಹುಡುಗಿಯರನ್ನು ಗೇಟಿನಲ್ಲಿ ಮಾತಾಡಿಸಿ. ‘ಇಂಜೆಕ್ಷನ್ ನೀವೇ ಕೊಡ್ತೀರೇನವ್ವಾ? ಹೆರಿಗೆ ನೋಡೀರೇನು?’ ಅಂತ ಕೇಳಿ. ಅವರು ತಡವರಿಸಿದರೆ ಅಲ್ಲಿ ಕಲಿಯುವುದು ಕಡಿಮೆ. ಕೆಲಸ ಬಾರದವಳಿಗೆ ಸಂಬಳ ಏರುವುದಿಲ್ಲ. ರಾಜ್ಯ ನರ್ಸಿಂಗ್ ಕೌನ್ಸಿಲ್ಲಿನಲ್ಲಿ ನೋಂದಣಿ ಆಗುತ್ತದೆಯಾ, ಮೂಲ ಅಂಕಪಟ್ಟಿ ಇಟ್ಟುಕೊಳ್ಳುತ್ತಾರಾ, ಓದು ಮುಗಿದ ಮೇಲೆ ಅಲ್ಲೇ ದುಡಿಯಬೇಕು ಅನ್ನುವ ಬಾಂಡ್ ಇದೆಯಾ, ಮೂರನ್ನೂ ಕೇಳಿಕೊಳ್ಳಿ.

ರಸೀದಿ ಇಲ್ಲದ ಡೊನೇಷನ್ ಕೊಡಬೇಡಿ. ಅದನ್ನು ತಡೆಯಲು ಕರ್ನಾಟಕದಲ್ಲಿ 1984ರಿಂದಲೇ ಕಾನೂನಿದೆ. ‘ಸೀಟು ಖಾಲಿ ಆಗ್ತವೆ, ಇವತ್ತೇ ಅಡ್ವಾನ್ಸ್ ಕಟ್ಟಿ’ ಅಂದರೆ, ಸಿಇಟಿ ಸೀಟು ಸಿಕ್ಕಾಗ ಎಷ್ಟು ವಾಪಸ್ ಕೊಡುತ್ತೀರಿ ಅಂತ ಬರೆಸಿಕೊಳ್ಳಿ. ಮಗಳ ಅವ್ವ ಬಂಗಾರ ಬಿಚ್ಚಿ ಕೊಡಲು ತಯಾರಿರುತ್ತಾಳೆ. ಸಿಇಟಿಯ ಕೊನೆಯ ಸುತ್ತಿನ ಪಟ್ಟಿ ಬರುವ ತನಕ ಆ ಬಂಗಾರ ಅವಳ ಕೊರಳಲ್ಲೇ ಇರಲಿ.