ತೂಕದ ಕೋಣೆಯಲ್ಲಿ ಕೇಳಿದ ಹತ್ತು ಪ್ರಶ್ನೆಗಳು

ಪ್ರತಿ ತಿಂಗಳ 9ರಂದು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಗರ್ಭಿಣಿಯರ ತಪಾಸಣೆ. ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್ ನೋಡಿ ತಾಯಿ ಕಾರ್ಡಿನಲ್ಲಿ ಬರೆಯುವುದು ನನ್ನ ಕೆಲಸ. ಎಷ್ಟೋ ವರ್ಷ ಅಷ್ಟನ್ನೇ ಬರೆದೆ. “ಆರಾಮವಾಗಿದ್ದೀಯಾ?” ಎಂದು ಕೇಳಿದರೆ ಪಕ್ಕದಲ್ಲಿದ್ದ ಅತ್ತೆಯೋ ಗಂಡನೋ “ಆರಾಮವಾಗಿದ್ದಾಳೆ” ಎನ್ನುತ್ತಿದ್ದರು. ನಾನು ಮುಂದಿನವರನ್ನು ಕರೆಯುತ್ತಿದ್ದೆ.

ಏಳು ತಿಂಗಳ ಬಸುರಿಯೊಬ್ಬಳಿಗೆ ಎರಡು ತಿಂಗಳಿಂದ ತೂಕವೇ ಏರಿರಲಿಲ್ಲ. ಉಳಿದದ್ದೆಲ್ಲ ಸರಿಯಾಗಿತ್ತು. ಸೀಮಂತದ ಹಸಿರು ಬಳೆ ಕೈತುಂಬ ಇದ್ದವು. ನಮ್ಮ ತೂಕದ ಕೋಣೆ ಬಹಳ ಚಿಕ್ಕದು, ಅತ್ತೆ ಹೊರಗೇ ನಿಂತರು. ಯಂತ್ರದಿಂದ ಇಳಿದವಳು ಗೋಡೆ ಹಿಡಿದು ಅಲ್ಲೇ ನಿಂತಳು. “ರಾತ್ರಿ ನಿದ್ದೆ ಬರುತ್ತದಾ?” ಎಂದೆ. ಬಳೆಗಳನ್ನು ಒಂದೊಂದಾಗಿ ಮೊಣಕೈಯತ್ತ ಸರಿಸುತ್ತ ಹೇಳಿದಳು: “ಮಗು ಒದ್ದರೂ ನನಗೆ ಏನೂ ಅನ್ನಿಸುವುದಿಲ್ಲ ಸಿಸ್ಟರ್. ಮನೆಯವರೆಲ್ಲ ಸಂತೋಷವಾಗಿದ್ದಾರೆ. ನನಗೊಬ್ಬಳಿಗೇ ಯಾಕೆ ಹೀಗೆ?”

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಆಪ್ತಸಮಾಲೋಚಕಿ ಹಿಂದೊಮ್ಮೆ ಕೊಟ್ಟಿದ್ದ ಹಾಳೆ ಮೇಜಿನ ಖಾನೆಯಲ್ಲೇ ಇತ್ತು: ಖಿನ್ನತೆಯ ಸುಳಿವು ಹಿಡಿಯುವ ಎಡಿನ್‌ಬರೊ ಮಾಪನದ ಕನ್ನಡ ರೂಪ. 1987ರಲ್ಲಿ ಬಾಣಂತಿಯರಿಗಾಗಿ ಸಿದ್ಧವಾದದ್ದು, ಈಗ ಬಸುರಿಯರಿಗೂ ಬಳಸುತ್ತಾರೆ. ಹತ್ತು ಪ್ರಶ್ನೆ, ಪ್ರತಿಯೊಂದಕ್ಕೂ 0ರಿಂದ 3 ಅಂಕ, ಎಲ್ಲವೂ ಕಳೆದ ಏಳು ದಿನಗಳ ಬಗ್ಗೆ. ಸುಸ್ತಾಗುತ್ತದೆಯೇ, ಊಟ ಸೇರುತ್ತದೆಯೇ ಎಂದು ಅದು ಕೇಳುವುದಿಲ್ಲ. ಬಸುರಿಯಲ್ಲಿ ಸುಸ್ತು ಯಾರಿಗಿಲ್ಲ? ನಗು ಬರುತ್ತದೆಯೇ, ಮುಂದಿನ ದಿನಗಳನ್ನು ಎದುರು ನೋಡುತ್ತೀಯಾ, ತಪ್ಪಿಲ್ಲದಿದ್ದರೂ ನಿನ್ನನ್ನೇ ಬೈದುಕೊಳ್ಳುತ್ತೀಯಾ ಎಂದು ಕೇಳುತ್ತದೆ. ಅದಕ್ಕೇ ಈ ಹಾಳೆಯ ಮೇಲೆ ನನಗೆ ನಂಬಿಕೆ.

ಹತ್ತನೆಯ ಪ್ರಶ್ನೆ, ನಿನಗೆ ನೀನೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿತ್ತೇ ಎಂಬುದು, ನನ್ನ ಬಾಯಲ್ಲಿ ಸಿಕ್ಕಿಕೊಂಡಿತು. ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ಹಾಕಿದಂತಾಗುತ್ತದೆ ಎಂಬ ಭಯ ನನಗೂ ಇತ್ತು. ಹಾಗಾಗುವುದಿಲ್ಲ. ಯಾರೋ ಕೇಳಿದರಲ್ಲ ಎಂದು ಅವಳ ಹೆಗಲು ಇಳಿದದ್ದನ್ನು ನಾನೇ ಕಂಡೆ. “ಒಂದೆರಡು ಸಲ” ಎಂದಳು. ಒಟ್ಟು ಅಂಕ 17. ಸಾಮಾನ್ಯವಾಗಿ 13 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರಿಗೆ ತೋರಿಸುತ್ತೇವೆ, ಹತ್ತನೆಯದಕ್ಕೆ ಸೊನ್ನೆ ಬಿಟ್ಟು ಏನು ಬಂದರೂ ಅದೇ ದಿನ ತೋರಿಸಲೇಬೇಕು. ಅವಳನ್ನು ಒಂಟಿಯಾಗಿ ಬಿಡಲಿಲ್ಲ. ಮಧ್ಯಾಹ್ನದೊಳಗೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಮುಂದಿದ್ದಳು. ಥೈರಾಯ್ಡ್ ಪರೀಕ್ಷೆಯೂ ಆಯಿತು, ಅದರ ಏರುಪೇರೂ ಮನಸ್ಸನ್ನು ಕುಗ್ಗಿಸಬಲ್ಲದು.

ಕಷ್ಟವಾದದ್ದು ಅತ್ತೆಗೆ ಹೇಳುವುದು. “ಬಾಣಂತಿ ಸನ್ನಿ ಕೇಳಿದ್ದೇನೆ, ಬಸುರಿಗೆ ಎಲ್ಲಿಂದ ಬಂತು?” ಎಂದರು. ಖಿನ್ನತೆ ಎಂಬ ಪದವನ್ನು ನಾನು ಬಳಸಲಿಲ್ಲ. ಅವಳ ಒಪ್ಪಿಗೆ ಪಡೆದು, “ರಕ್ತ ಕಡಿಮೆಯಾದರೆ ಮಾತ್ರೆ ಕೊಡುತ್ತೇವಲ್ಲ ಅಮ್ಮ, ಇವಳ ಮನಸ್ಸಿನ ಶಕ್ತಿ ಕಡಿಮೆಯಾಗಿದೆ” ಎಂದೆ. ಅದು ಅವರಿಗೆ ಅರ್ಥವಾಯಿತು. ರಾತ್ರಿ ಸೊಸೆಯ ಪಕ್ಕದಲ್ಲೇ ಮಲಗುತ್ತೇನೆ ಎಂದು ಅವರೇ ಹೇಳಿದರು.

ವೈದ್ಯರು ಸರ್ಟ್ರಾಲಿನ್ ಎಂಬ ಖಿನ್ನತೆಯ ಮಾತ್ರೆ ಬರೆದಿದ್ದರು. ಮಗುವಿಗೆ ತೊಂದರೆ ಎಂದು ಯಾರೋ ಹೆದರಿಸಿ, ವಾರದಲ್ಲೇ ಅವಳು ಮಾತ್ರೆ ಬಿಟ್ಟಿದ್ದಳು. ಇದು ಪ್ರತಿ ಸಲವೂ ಆಗುತ್ತದೆ, ಪ್ರತಿ ಸಲವೂ ನನಗೆ ಸಂಕಟವಾಗುತ್ತದೆ. ಬಸುರಿಯರಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವ ಮಾತ್ರೆ ಅದು. ಚಿಕಿತ್ಸೆಯಿಲ್ಲದ ಖಿನ್ನತೆಯೂ ಮಗುವನ್ನು ತಟ್ಟುತ್ತದೆ. ಶುರು ಮಾಡುವುದು, ಬಿಡುವುದು ಎರಡನ್ನೂ ವೈದ್ಯರನ್ನು ಕೇಳಿಯೇ ಮಾಡಬೇಕು. ಮನೆಗೆ ಹೋಗಿ ಕುಳಿತು ಮಾತಾಡಿದೆ. ಅವಳ ತಾಯಿ ಕಾರ್ಡಿನ ಹಿಂದೆ 14416 ಎಂದು ದೊಡ್ಡದಾಗಿ ಬರೆದುಕೊಟ್ಟೆ. ಅದು ಟೆಲಿ ಮಾನಸ್, ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ, ರಾತ್ರಿ ಎಷ್ಟು ಹೊತ್ತಿಗಾದರೂ ಕನ್ನಡದಲ್ಲಿ ಮಾತಾಡಬಹುದು.

ಮುಂದಿನ 9ಕ್ಕೆ ಬಂದಾಗ ತೂಕ 900 ಗ್ರಾಂ ಏರಿತ್ತು, ಅಂಕ 11ಕ್ಕೆ ಇಳಿದಿತ್ತು. ನಿದ್ದೆ ಇನ್ನೂ ಪೂರ್ತಿ ಬಂದಿರಲಿಲ್ಲ. ಆ ತಿಂಗಳಿಂದ ತೂಕದ ಕೋಣೆಯಲ್ಲಿ ಒಂದು ಸ್ಟೂಲ್ ಇಟ್ಟಿದ್ದೇನೆ. ಒಳಗೆ ಬಂದವರಿಗೆ ಮೊದಲು ಕುಳಿತುಕೊಳ್ಳಲು ಹೇಳಿ, ಬಾಗಿಲು ಮುಂದೆ ಮಾಡುತ್ತೇನೆ.