ಕೇಳದೇ ಕೊಟ್ಟ ಡಿಸ್ಕೌಂಟು

ತಿಪಟೂರಿನಲ್ಲಿ ಅಪ್ಪನದು ಬಟ್ಟೆ ಅಂಗಡಿ. ಗಿರಾಕಿ ಎದ್ದು ಹೋಗಿ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುವ ತನಕ ಅಪ್ಪ ರೇಟು ಇಳಿಸುತ್ತಿರಲಿಲ್ಲ. ನನಗೆ ಅದನ್ನು ನೋಡೋಕೇ ನಾಚಿಕೆ. ವ್ಯಾಪಾರದ ಸಹವಾಸ ಬೇಡ ಅಂತಲೇ ಎಂಜಿನಿಯರಿಂಗ್ ಓದಿದೆ. 2001ರಲ್ಲಿ ಎಚ್-1ಬಿ ವೀಸಾ ಮೇಲೆ ಕ್ಯಾಲಿಫೋರ್ನಿಯಾದ ಫ್ರೀಮಾಂಟಿಗೆ ಬಂದೆ. ಈಗ ಇಲ್ಲಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಸೇಲ್ಸ್ ವೈಸ್ ಪ್ರೆಸಿಡೆಂಟ್. ಫೋನಿನಲ್ಲಿ ಇದನ್ನು ಹೇಳಿದಾಗ ಅಪ್ಪನಿಗೆ ನಕ್ಕು ನಕ್ಕು ಕೆಮ್ಮು ಬಂತು.

ಕೋಡ್ ಬರೆಯುತ್ತಿದ್ದ ದಿನಗಳಲ್ಲಿ, ಗ್ರಾಹಕರ ಮುಂದೆ ಡೆಮೊ ಕೈಕೊಟ್ಟರೆ ಸೇಲ್ಸ್‌ನವರು ನನ್ನನ್ನೇ ಕರೆಯುತ್ತಿದ್ದರು. ಆ ಮೀಟಿಂಗುಗಳ ರುಚಿ ಹತ್ತಿತು. ಆದರೆ ಎಚ್-1ಬಿ ಅಂದರೆ ಒಂದು ಕಂಪನಿಗೆ, ಒಂದು ಬಗೆಯ ಕೆಲಸಕ್ಕೆ ಕಟ್ಟಿಹಾಕಿದ ವೀಸಾ. ಎಂಜಿನಿಯರ್ ಅಂತ ಬಂದವನು ಸುಮ್ನೆ ಸೇಲ್ಸ್‌ಗೆ ಹಾರುವ ಹಾಗಿಲ್ಲ.

ದಾರಿ ಮಾಡಿಕೊಟ್ಟಿದ್ದು 2007ರ ಜುಲೈ. ಉದ್ಯೋಗದ ಮೇಲೆ ಗ್ರೀನ್ ಕಾರ್ಡಿಗೆ, ಅಂದರೆ ಇಲ್ಲೇ ಕಾಯಂ ಆಗಿ ಇರುವ ಪರವಾನಗಿಗೆ, ಅರ್ಜಿ ಹಾಕುವ ಸರದಿ ಹೆಚ್ಚುಕಡಿಮೆ ಎಲ್ಲರಿಗೂ ತೆರೆದಿದೆ ಅಂದರು ಸರ್ಕಾರದವರು. ಜುಲೈ 2ಕ್ಕೆ, ಇಲ್ಲ, ಮುಚ್ಚಿದೆ ಅಂದರು. ನಮ್ಮವರು ವಲಸೆ ಇಲಾಖೆಯ ಮುಖ್ಯಸ್ಥರಿಗೆ ರಾಶಿ ರಾಶಿ ಹೂಗುಚ್ಛ ಕಳಿಸಿ ಗಾಂಧಿಗಿರಿ ಮಾಡಿದ್ದು ಆಗಲೇ. ಕೊನೆಗೆ ಆಗಸ್ಟ್ 17ರ ತನಕ ಅರ್ಜಿ ತೆಗೆದುಕೊಂಡರು. ಅಪ್ಪ ಅಂಗಡಿ ಮುಚ್ಚಿ ಪುರಸಭೆಗೆ ಅಲೆದು ನನ್ನ ಜನನ ಪ್ರಮಾಣಪತ್ರ ಮಾಡಿಸಿ ಕೊರಿಯರ್ ಮಾಡಿದರು. ಅರ್ಜಿ ಹಾಕಿ 180 ದಿನ ಕಳೆದ ಮೇಲೆ, ಹಳೇ ಕೆಲಸವನ್ನು ಹೋಲುವ ಕೆಲಸಕ್ಕೆ ಹೋಗಬಹುದಿತ್ತು. ಪ್ರೀ-ಸೇಲ್ಸ್ ಎಂಜಿನಿಯರ್, ಅಂದರೆ ಮಾರಾಟಕ್ಕೆ ಮೊದಲು ಗ್ರಾಹಕರಿಗೆ ಸಾಫ್ಟ್‌ವೇರ್ ತೋರಿಸಿ ವಿವರಿಸುವವನು, ಆದರೆ ನಡೆಯುತ್ತೆ ಅಂದರು ವಕೀಲರು. ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೆ ಪೂರಾ ಸೇಲ್ಸ್‌ಗೆ ಇಳಿದೆ.

ಅಲ್ಲಿ ಸಂಬಳದ ಅರ್ಧ ಮಾತ್ರ ಗ್ಯಾರಂಟಿ. ಉಳಿದರ್ಧ ಕೋಟಾ, ಅಂದರೆ ಇಷ್ಟು ಮಾರಲೇಬೇಕು ಅಂತ ಕೊಟ್ಟ ಗುರಿ, ಮುಟ್ಟಿದರೆ. ಹೆಂಡತಿಗೆ ಇದನ್ನು ಒಪ್ಪಿಸಿದ್ದೇ ನನ್ನ ಮೊದಲ ದೊಡ್ಡ ಡೀಲ್ ಅನ್ನಬೇಕು.

ನಿಜವಾದ ಮೊದಲ ಡೀಲ್ ಒಹಾಯೋದ ಒಂದು ಕಾರ್ಖಾನೆಯದು. ಕ್ವಾರ್ಟರ್, ಅಂದರೆ ಲೆಕ್ಕದ ಮೂರು ತಿಂಗಳು, ಮುಗಿಯೋಕೆ ನಾಲ್ಕು ದಿನ. ಕೊಟೇಶನ್ನಿನಲ್ಲಿ ನಾನಾಗಿಯೇ 30 ಪರ್ಸೆಂಟ್ ಕಡಿಮೆ ಮಾಡಿ ಬಾಸ್ ಮುಂದೆ ಇಟ್ಟೆ. ಆಕೆ ಕೇಳಿದ್ದು ಒಂದೇ ಮಾತು: ‘ಅವರು ಕೇಳಿದ್ರಾ?’

ಕೇಳಿರಲಿಲ್ಲ. ದೊಡ್ಡ ಮೊತ್ತ ಬಾಯಿಬಿಟ್ಟು ಹೇಳೋಕೆ ನನಗೇ ಸಂಕೋಚ. ಆ ಸಂಕೋಚದ ಬೆಲೆಯನ್ನು ಕಂಪನಿ ಕಟ್ಟಬೇಕಿತ್ತು. ಅವತ್ತು ರಾತ್ರಿ ನೆನಪಾಗಿದ್ದು ಬಾಗಿಲ ಬಳಿಯ ಆ ಚಪ್ಪಲಿಗಳು. ಮರುದಿನ ಪೂರಾ ರೇಟು ಹೇಳಿ ಬಾಯಿ ಮುಚ್ಚಿಕೊಂಡೆ. ಆ ಕಡೆಯೂ ಮೌನ. ಮಾತಾಡಿಬಿಡ್ತೀನಿ ಅನ್ನೋ ಭಯಕ್ಕೆ ನೀರು ಕುಡಿದೆ. ಅವರು ಕೇಳಿದ್ದು 10 ಪರ್ಸೆಂಟ್. ಅದೂ ಮೂರು ವರ್ಷದ ಕರಾರಿಗೆ.

ಇಲ್ಲಿನ ಗಿರಾಕಿ ಯಾವಾಗ ಚಪ್ಪಲಿ ಹಾಕಿಕೊಳ್ತಾನೆ ಅಂತ ಕಲಿಯೋಕೆ ಇನ್ನೂ ಜಾಸ್ತಿ ವರ್ಷ ಹಿಡಿಯಿತು. ಅಮೆರಿಕದವರು ಮುಖದ ಮೇಲೆ ಬೇಡ ಅನ್ನೋದು ಕಡಿಮೆ. ‘ತುಂಬಾ ಚೆನ್ನಾಗಿದೆ, ಮತ್ತೆ ಮಾತಾಡೋಣ’ ಅಂದರೆ ಅವರು ಆಗಲೇ ರಸ್ತೆಯಲ್ಲಿದ್ದಾರೆ ಅಂತ ತಿಳಿಯಿರಿ. ಅಂಥ ‘ಚೆನ್ನಾಗಿದೆ’ಗಳನ್ನು ನಂಬಿ ಎರಡು ಕ್ವಾರ್ಟರ್ ಫೋರ್‌ಕಾಸ್ಟ್ (ಇಷ್ಟು ಮಾರಾಟ ಆಗುತ್ತೆ ಅಂತ ಮೊದಲೇ ಕೊಡುವ ಅಂದಾಜು) ಕೆಡಿಸಿಕೊಂಡೆ. ತಗೊಳ್ಳುವವನು ಕಿರಿಕಿರಿ ಮಾಡ್ತಾನೆ: ಡೇಟಾ ಎಲ್ಲಿಡ್ತೀರಿ, ಕರಾರಿನ ಈ ಸಾಲು ಯಾಕೆ, ನಮ್ಮ ಲಾಯರ್ ಜೊತೆ ಮಾತಾಡಿ. ಈಗ ನನ್ನ ಟೀಮಿನವರು ಡೀಲ್ ಖಚಿತ ಅಂದರೆ ಮೊದಲು ಕೇಳೋದು, ಸಹಿ ಹಾಕುವವರು ಯಾರು, ಅವರನ್ನು ಭೇಟಿ ಮಾಡಿದ್ದೀಯಾ ಅಂತ. ಅರ್ಧಕ್ಕರ್ಧ ಡೀಲ್ ಅಲ್ಲೇ ಲಿಸ್ಟಿನಿಂದ ಬಿದ್ದುಹೋಗುತ್ತವೆ.

ಮೊನ್ನೆ ಕನ್ನಡ ಕೂಟದ ಸ್ಮರಣ ಸಂಚಿಕೆಗೆ ಜಾಹೀರಾತು ಕೇಳೋಕೆ ನಮ್ಮ ದಿನಸಿ ಅಂಗಡಿಯವರ ಹತ್ತಿರ ಹೋಗಿದ್ದೆ. ಪೂರ್ತಿ ಪುಟದ ರೇಟು ಹೇಳಿದೆ. ಅವರು ಏನೂ ಅನ್ನಲಿಲ್ಲ, ಕನ್ನಡಕ ಒರೆಸಿಕೊಂಡರು, ಅಷ್ಟೇ. ‘ಅರ್ಧ ಪುಟ ಆದ್ರೂ ಸಾಕು ಸಾರ್’ ಅಂದುಬಿಟ್ಟೆ.